ದಿನದ ಲೆಕ್ಕದ ದುಡಿಮೆ, ಹನ್ನೆರಡು ವರ್ಷದ ಕಂತು

2024ರ ಜನವರಿ 26ರಂದು ಹೈದರಾಬಾದಿನಲ್ಲಿ ಅರುಣಾಚಲ ಪ್ರದೇಶದ ವಿರುದ್ಧದ ರಣಜಿ ಪಂದ್ಯದಲ್ಲಿ ಹೈದರಾಬಾದ್ ತಂಡದ ತನ್ಮಯ್ ಅಗರ್ವಾಲ್ ಒಂದೇ ದಿನದಲ್ಲಿ ಅಜೇಯ 323 ರನ್ ಬಾರಿಸಿದರು. 147 ಎಸೆತಕ್ಕೇ ಮುನ್ನೂರು. ಪ್ರಥಮ ದರ್ಜೆ ಕ್ರಿಕೆಟ್ಟಿನ ಅತಿ ವೇಗದ ತ್ರಿಶತಕ. ಆ ದಿನದ ಸಂಭಾವನೆ? ಸೊನ್ನೆಗೆ ಔಟಾಗಿದ್ದರೂ ಅಷ್ಟೇ ಸಿಗುತ್ತಿತ್ತು. ರಣಜಿ ಆಟಗಾರನ ಪಂದ್ಯ ಶುಲ್ಕ ದಿನದ ಲೆಕ್ಕ, ರನ್ನಿನದ್ದಲ್ಲ.

2021ರಲ್ಲಿ ಬಿಸಿಸಿಐ ನಿಗದಿ ಮಾಡಿದ ದರ ಹೀಗಿದೆ: 20 ಪಂದ್ಯದವರೆಗೆ ದಿನಕ್ಕೆ 40,000 ರೂಪಾಯಿ, 21ರಿಂದ 40ರವರೆಗೆ 50,000, ಅದರಾಚೆ 60,000. ಹನ್ನೊಂದರ ಹೊರಗೆ ಕೂತವನಿಗೆ ಇದರ ಅರ್ಧ.

ಈ ಅಂಕಣಕಾರನ ಅಕ್ಕನ ಮಗನೊಬ್ಬ ಲೀಗ್ ಪಂದ್ಯಗಳಲ್ಲಿ ಬೆವರು ಸುರಿಸಿ ಕೊನೆಗೂ ರಾಜ್ಯ ತಂಡ ಸೇರಿದ. ಮೊದಲ ಸೀಸನ್ನಿನಲ್ಲಿ ಏಳು ಪಂದ್ಯ: ಆಡಿದ್ದು ಎರಡು, ಬೆಂಚಿನಲ್ಲಿ ಕೂತದ್ದು ಐದು. ಆಡಿದ ಎಂಟು ದಿನಕ್ಕೆ 3.2 ಲಕ್ಷ, ಕೂತ ಇಪ್ಪತ್ತು ದಿನಕ್ಕೆ 4 ಲಕ್ಷ, ಒಟ್ಟು 7.2 ಲಕ್ಷ. ಟಿಡಿಎಸ್ ಕಳೆದು ಖಾತೆಗೆ ಬಂದದ್ದು 6.48 ಲಕ್ಷ. ಇಪ್ಪತ್ತೊಂದರ ಹುಡುಗನ ಖಾತೆಯಲ್ಲಿ ಅಷ್ಟು ದುಡ್ಡು ಬಿದ್ದದ್ದು ಬ್ಯಾಂಕಿನ ರಿಲೇಷನ್‌ಶಿಪ್ ಮ್ಯಾನೇಜರನ ಕಣ್ಣಿಗೆ ಬೀಳದೆ ಇರುತ್ತದೆಯೆ? ಮಾರ್ಚ್ ತಿಂಗಳು ಬೇರೆ. 80ಸಿ ಹೆಸರು ಹೇಳಿ, ವರ್ಷಕ್ಕೆ 2 ಲಕ್ಷದಂತೆ ಹನ್ನೆರಡು ವರ್ಷ ಕಟ್ಟುವ ಎಂಡೋಮೆಂಟ್ ಪಾಲಿಸಿಗೆ ಸಹಿ ಹಾಕಿಸಿಯೇ ಬಿಟ್ಟ. ಇಲ್ಲಸ್ಟ್ರೇಷನ್ ಹಾಳೆಯಲ್ಲಿ 8% ಗಳಿಕೆ ಊಹಿಸಿದ ಕಾಲಮ್ಮಿಗೆ ಹಳದಿ ಹೈಲೈಟರ್ ಬಳಿದಿತ್ತು. ಪಕ್ಕದ 4% ಕಾಲಂ ಬೆಳ್ಳಗೇ ಉಳಿದಿತ್ತು.

ಎರಡನೇ ಸೀಸನ್ನಿನಲ್ಲಿ ಮೂರೇ ಪಂದ್ಯ, ಅದೂ ಬೆಂಚಿನಲ್ಲಿ. 2.4 ಲಕ್ಷದಲ್ಲಿ ಟಿಡಿಎಸ್ ಹೋಗಿ 2.16 ಲಕ್ಷ, ಕಂತು ಕಟ್ಟಿದ ಮೇಲೆ ಉಳಿದದ್ದು 16,000. ಒಂದು ಒಳ್ಳೆಯ ಇಂಗ್ಲಿಷ್ ವಿಲ್ಲೋ ಬ್ಯಾಟಿಗೂ ಸಾಲದು. ಮೂರನೇ ವರ್ಷ ಪಟ್ಟಿಯಲ್ಲಿ ಹೆಸರೇ ಇಲ್ಲ. ಆ ಸಲದ ಕಂತು ಹೋದದ್ದು ಅಂಕಣಕಾರನ ಜೇಬಿನಿಂದ. ಕೆಲವೇ ತಿಂಗಳಲ್ಲಿ ಸಾಕೆನಿಸಿ ಹುಡುಗ ಪಾಲಿಸಿ ಸರೆಂಡರ್ ಮಾಡಿದ. ಕಟ್ಟಿದ್ದು 6 ಲಕ್ಷ. ಆ ಪಾಲಿಸಿಯ ಮೂರನೇ ವರ್ಷದ ಖಾತರಿ ಸರೆಂಡರ್ ಮೌಲ್ಯ 35%, ಅಂದರೆ 2.1 ಲಕ್ಷ. ನಷ್ಟ 3.9 ಲಕ್ಷ. ಬೆಂಚಿನ ದರದಲ್ಲಿ ಲೆಕ್ಕ ಹಾಕಿದರೆ ಹತ್ತೊಂಬತ್ತೂವರೆ ದಿನದ ದುಡಿಮೆ ಪಾಲಿಸಿಗೆ ಅರ್ಪಣೆಯಾಯಿತು.

ವಿಮೆಯೂ ಅಲ್ಲದ, ಹೂಡಿಕೆಯೂ ಅಲ್ಲದ ಈ ಎಡಬಿಡಂಗಿ ಸರಕನ್ನು ಸರ್ಕಾರಿ ನೌಕರನಿಗೆ ಮಾರಿದರೆ ಅವನು ಹೇಗೋ ತಿಂಗಳ ಸಂಬಳದಲ್ಲಿ ತಾಳಿಕೊಂಡಾನು. ಮುಂದಿನ ಪಂದ್ಯವೇ ಖಾತರಿ ಇಲ್ಲದವನಿಗೆ ಮಾರುವುದನ್ನು ಏನೆನ್ನಬೇಕು? ಏಳಕ್ಕೆ ಏಳೂ ಪಂದ್ಯ ಆಡಿದರೂ 50,000ದ ದರ ಮುಟ್ಟಲು ಪೂರ್ತಿ ಮೂರು ಸೀಸನ್ ಬೇಕು. ಮೊಣಕಾಲು ಕೈಕೊಟ್ಟರೆ ಅದೂ ಇಲ್ಲ. ಅಂಥವನಿಗೆ ಟರ್ಮ್ ಪ್ಲಾನ್, ಪಿಪಿಎಫ್, ಒಂದಿಷ್ಟು ಎಫ್‌ಡಿ ಧಾರಾಳ ಸಾಕು.

ಹಿಂದಿನವರಿಗೆ ಬ್ಯಾಂಕಿನ ಕೆಲಸವಿತ್ತು. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್, ಆಂಧ್ರ ಬ್ಯಾಂಕ್ ಕ್ರಿಕೆಟ್ ತಂಡಗಳನ್ನೇ ಸಾಕಿದ್ದವು. ಆಟ ನಿಂತರೂ ಸಂಬಳ ನಿಲ್ಲುತ್ತಿರಲಿಲ್ಲ. ಮೊದಲನೆಯದು 2017ರಲ್ಲಿ ಎಸ್‌ಬಿಐನಲ್ಲಿ, ಎರಡನೆಯದು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಕರಗಿದವು. ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಸಿಂಡಿಕೇಟ್ ಬ್ಯಾಂಕುಗಳ ಕಥೆಯೂ ಅದೇ. ಬಿಸಿಸಿಐ 2022ರಲ್ಲಿ ರಣಜಿ ಆಟಗಾರರ 15,000ದ ಪಿಂಚಣಿಯನ್ನು 30,000ಕ್ಕೆ ಏರಿಸಿತು, ನಿಜ. ಆದರೆ ಆ ಯೋಜನೆ ಹಳೆಯ ತಲೆಮಾರಿನವರಿಗೆ.

ಹೆಸರು ಮಾಡಿದವರ ದಾರಿಯೂ ನೇರವಲ್ಲ. ಕರ್ನಾಟಕದ ಸ್ಟುವರ್ಟ್ ಬಿನ್ನಿ ಬಿಸಿಸಿಐ ಮಾನ್ಯತೆ ಇಲ್ಲದ ಐಸಿಎಲ್ ಲೀಗ್ ಸೇರಿ ಹೈದರಾಬಾದ್ ಹೀರೋಸ್ ಪರ ಆಡಿದರು. ಹೈದರಾಬಾದಿನ ಅಂಬಟಿ ರಾಯುಡು ಕೂಡ ಅದೇ ತಂಡದಲ್ಲಿದ್ದರು. ಬಿಸಿಸಿಐ ಅವರಿಗೆಲ್ಲ ಬಾಗಿಲು ಹಾಕಿತು, ಲೀಗ್ ಮುಚ್ಚಿತು, 2009ರಲ್ಲಿ ಕ್ಷಮೆ ಸಿಕ್ಕಿತು. ಬಿನ್ನಿ 2014ರಲ್ಲಿ ಟೆಸ್ಟ್ ಆಡಿದರು, ಬಾಂಗ್ಲಾದೇಶದ ವಿರುದ್ಧ ಏಕದಿನದಲ್ಲಿ ನಾಲ್ಕು ರನ್ನಿಗೆ ಆರು ವಿಕೆಟ್ ಕಿತ್ತರು. ಆದರೂ 2019ರಲ್ಲಿ ಕರ್ನಾಟಕ ಬಿಟ್ಟು ನಾಗಾಲ್ಯಾಂಡ್ ಸೇರಿದರು.

ಇನ್ನು ಹುಡುಗರ ಚಾಳಿ. ಮೊದಲ ಚೆಕ್ಕಿಗೆ ಕಾರಿನ ಇಎಂಐ, ಎರಡನೆಯದಕ್ಕೆ ಐಫೋನ್, ಐಪಿಎಲ್ ಹರಾಜಿನಲ್ಲಿ ಮೂಲಬೆಲೆ 30 ಲಕ್ಷ ಬಂದೇ ಬರುತ್ತದೆಂಬ ನಂಬಿಕೆ. ಸೀಸನ್ ಮುಗಿದ ಮೇಲಿನ ಬೇಸಿಗೆ ತಿಂಗಳುಗಳ ಖರ್ಚನ್ನು ಮೊದಲೇ ತೆಗೆದಿಡುವ ಆಟಗಾರ ಸಿಗುವುದು ಅಪರೂಪ. ಅಪ್ಪಂದಿರೂ ಕಡಿಮೆಯಿಲ್ಲ, ಪಾಲಿಸಿ ಮಾಡಿಸಿದ್ದೇವೆ ಎಂದು ಮದುವೆ ಮನೆಗಳಲ್ಲಿ ಹೇಳಿಕೊಂಡು ಓಡಾಡುತ್ತಾರೆ.

ನಿಮ್ಮ ಮನೆಯಲ್ಲೂ ಹೀಗೆ ಒಮ್ಮೆ ಬಂದು ಒಮ್ಮೆ ನಿಲ್ಲುವ ಆದಾಯದವರಿದ್ದರೆ, ಸಹಿಗೆ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಮೂರನೇ ವರ್ಷ ಬಿಟ್ಟರೆ ಕೈಗೆಷ್ಟು ಬರುತ್ತದೆ? ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲ, ಕಾಗದದ ಮೇಲೆ ಬರೆಸಿಕೊಳ್ಳಿ.