ಪಿಂಚಣಿಗೆ ಯಾವ ವರ್ಷಗಳು ಲೆಕ್ಕ?

ಯಜಮಾನರು ಟೆರಿಟೋರಿಯಲ್ ಆರ್ಮಿ ಸೇರಿ 12 ವರ್ಷವಾಯಿತು, ಇನ್ನು 8 ವರ್ಷ ಕಳೆದರೆ ಪಿಂಚಣಿ ಖಾತ್ರಿ ಎಂದು ಬರೆದಿದ್ದೀರಿ. ಎಡವಟ್ಟಾಗಿರುವುದು ಇಲ್ಲೇ ಮೇಡಂ. ಅಧಿಕಾರಿಗಳಿಗೆ 20 ವರ್ಷ ಬೇಕೆನ್ನುವುದು ನಿಜ. ಆದರೆ ಎಣಿಕೆ ಸೇರಿದ ತಾರೀಖಿನಿಂದಲ್ಲ. ಕರೆ ಬಂದು ಪೂರ್ಣಾವಧಿ ಸೇವೆಯಲ್ಲಿದ್ದ ಅವಧಿಗಳನ್ನಷ್ಟೇ ಕೂಡಿಸುತ್ತಾರೆ. ಬಿಡಿಬಿಡಿಯಾಗಿದ್ದರೂ ಅಡ್ಡಿಯಿಲ್ಲ. ಆದ್ದರಿಂದ ಪ್ರತಿ ಸಲದ ಕರೆ ಆದೇಶ, ಬಿಡುಗಡೆ ಆದೇಶ ಎರಡರ ಪ್ರತಿಯನ್ನೂ ಜೋಪಾನವಾಗಿಡಿ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟ ಅಧಿಕಾರದಡಿ ನಿಮ್ಮ ಯಜಮಾನರನ್ನು ಸೇವೆಗೆ ಕರೆಸಿಕೊಂಡಿದ್ದರೆ ಆ ದಿನಗಳೂ ಸೇರುತ್ತವೆ.

ಬಡ್ತಿಯ ವಿಷಯ ಸರಳ. ನಿಗದಿತ ಅರ್ಹತೆ ಪೂರೈಸಿದರೆ ಲೆಫ್ಟಿನೆಂಟ್ ಕರ್ನಲ್‌ವರೆಗೆ ಸೇವಾವಧಿಯ ಮೇಲೆ ಸಿಗುತ್ತದೆ, ಅಲ್ಲಿಂದಾಚೆ ಆಯ್ಕೆ. ಗಡಿಗೆ ಹೋಗಿಬಂದರು ಎಂದಮಾತ್ರಕ್ಕೆ ಭುಜದ ಮೇಲೆ ಇನ್ನೊಂದು ನಕ್ಷತ್ರ ಏರುವುದಿಲ್ಲ.

ನನಗೆ ಹೆಚ್ಚು ಚಿಂತೆಯಾದದ್ದು ಯಜಮಾನರು ಕೆಲಸ ಮಾಡುವ ಕಂಪನಿಯ ಮಾತು. ‘ಇಷ್ಟು ತಿಂಗಳು ಗೈರಾದರೆ ಕೆಲಸ ಉಳಿಯುವುದಿಲ್ಲ’ ಎಂದು ಮೇಲಧಿಕಾರಿ ಬಾಯಲ್ಲಿ ಹೇಳಿದರೆ ಸಾಲದು. 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯ 7ಎ ಸೆಕ್ಷನ್ ಪ್ರಕಾರ ಸೇವೆ ಮುಗಿಸಿ ಬಂದವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವುದು ಮಾಲೀಕರ ಹೊಣೆ. ಭವಿಷ್ಯನಿಧಿಯಂಥ ಹಕ್ಕುಗಳನ್ನು 7ಬಿ ಕಾಯುತ್ತದೆ. ಕರೆ ಆದೇಶದ ಪ್ರತಿ ಲಗತ್ತಿಸಿ ಕಂಪನಿಗೆ ಈಗಲೇ ಪತ್ರ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.