ಆರೋಗ್ಯ ಪ್ರಶ್ನೋತ್ತರ: ಶೋಧಕಕ್ಕೂ ಆಯುಷ್ಯವುಂಟು

ಪ್ರಶ್ನೆ: ನಮ್ಮದು ಕೋಲಾರದ ಸಮೀಪದ ಹಳ್ಳಿ, ಕುಡಿಯುವುದಕ್ಕೆ ಕೊಳವೆಬಾವಿಯ ನೀರೇ ಗತಿ. ಮನೆಗೆ ಆರ್‌ಒ ಹಾಕಿಸಿ ಮೂರು ವರ್ಷವಾಯಿತು. ನೀರು ಇಂದಿಗೂ ತಿಳಿಯಾಗಿಯೇ ಬರುತ್ತಿದೆ. ಸರ್ವೀಸಿಗೆ ಬಂದ ಹುಡುಗ ಒಳಗಿನದನ್ನೆಲ್ಲ ಬದಲಿಸಬೇಕು ಎನ್ನುತ್ತಾನೆ. ನಮ್ಮ ಯಜಮಾನರು, ಅದೆಲ್ಲ ದುಡ್ಡು ಕೀಳುವ ಉಪಾಯ ಎನ್ನುತ್ತಾರೆ. ಐದು ವರ್ಷದ ಮಗಳಿದ್ದಾಳೆ. ಏನು ಮಾಡಲಿ?

ಉತ್ತರ: ಅಮ್ಮಾ, ನಿಮ್ಮ ಕಾಗದದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತುಗಳು ಎರಡು: ನೀರು ತಿಳಿಯಾಗಿದೆ ಎಂಬುದೊಂದು, ಐದು ವರ್ಷದ ಮಗಳಿದ್ದಾಳೆ ಎಂಬುದಿನ್ನೊಂದು. ನಿಮ್ಮ ಸೀಮೆಯ ಅಂತರ್ಜಲಕ್ಕೆ ಅಂಟಿದ ದೋಷವಾದ ಫ್ಲೋರೈಡು ಬಣ್ಣವಿಲ್ಲದ್ದು, ವಾಸನೆಯಿಲ್ಲದ್ದು, ನಾಲಗೆಗೆ ಎಟುಕದ್ದು. ಕುದಿಸಿದರೆ ಹೋಗುವುದಂತಿರಲಿ, ನೀರು ಆವಿಯಾದಷ್ಟೂ ಅದು ಸಾಂದ್ರವೇ ಆಗುತ್ತದೆ. ಮತ್ತು ಶಾಶ್ವತ ದಂತಗಳ ಕವಚವು ಒಸಡಿನೊಳಗೆ ರೂಪುಗೊಳ್ಳುತ್ತಿರುವ ಮೊದಲ ಎಂಟು ವರ್ಷಗಳಲ್ಲಿಯೇ ಅದು ಹಲ್ಲಿನ ಮೇಲೆ ಅಳಿಸಲಾಗದ ಕಂದು ಕಲೆಗೆ ಬೀಜ ಬಿತ್ತುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಜಲಮೂಲವಿಲ್ಲದೆಡೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕದ ಮಿತಿ. ಇಷ್ಟು ಸೂಕ್ಷ್ಮವಾದ ಲೆಕ್ಕವನ್ನು ಲೋಟದ ನೀರನ್ನು ಬೆಳಕಿಗೆ ಹಿಡಿದು ನೋಡಿ ನಿರ್ಣಯಿಸುವುದೆಂತು?

ಗೋಡೆಯ ಮೇಲಿನ ಆ ಒಂದೇ ಪೆಟ್ಟಿಗೆಯೊಳಗೆ ಮೂರು ನಾಲ್ಕು ಶೋಧಕಗಳು ಸಾಲಾಗಿ ಕುಳಿತಿರುತ್ತವೆ, ಮತ್ತು ಅವುಗಳ ಆಯುಷ್ಯ ಸಮಾನವಲ್ಲ. ಮಣ್ಣು, ತುಕ್ಕುಗಳನ್ನು ಹಿಡಿಯುವ ಮೊದಲಿನ ಸೆಡಿಮೆಂಟ್ ಫಿಲ್ಟರ್ ಮತ್ತು ಅದರ ಹಿಂದಿನ ಕಾರ್ಬನ್, ಇವೆರಡೂ ಆರು ತಿಂಗಳಿಂದ ಒಂದು ವರ್ಷದೊಳಗೆ ಮುಗಿಯುವಂಥವು. ಲವಣಗಳನ್ನೂ ಫ್ಲೋರೈಡನ್ನೂ ತಡೆಯುವ ಮೆಂಬ್ರೇನು ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳುತ್ತದೆ, ಆದರೆ ನಿಮ್ಮಂಥ ಗಡಸು ನೀರಿನಲ್ಲಿ ಪಾತ್ರೆಯ ತಳಕ್ಕೆ ಕಟ್ಟುವ ಬಿಳಿಯ ಪದರವೇ ಅದರ ಮೇಲೂ ಕಟ್ಟುವುದರಿಂದ ಅಷ್ಟೂ ಬಾಳದೆ ಹೋಗಬಹುದು. ಕಾರ್ಬನ್ನಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಅದು ಹಳೆಯದಾದಾಗ ಕೇವಲ ದುರ್ಬಲವಾಗಿ ಸುಮ್ಮನಿರುವುದಿಲ್ಲ, ತಾನು ಹಿಡಿದಿಟ್ಟ ಕಶ್ಮಲವನ್ನೇ ಆಹಾರವಾಗಿ ಒದಗಿಸಿ, ಅಸಂಖ್ಯ ರಂಧ್ರಗಳಲ್ಲಿ ಎಡೆಗೊಟ್ಟು, ಸೂಕ್ಷ್ಮಾಣುಗಳನ್ನು ಸಾಕತೊಡಗುತ್ತದೆ. ಬಹುದಿನ ಊರಿಗೆ ಹೋಗಿ ಬಂದ ಮೇಲೆ ಯಂತ್ರದ ಮೊದಲ ನೀರನ್ನು ಚೆಲ್ಲಬೇಕೆನ್ನುವುದು ಇದಕ್ಕಾಗಿಯೇ. ಅತಿನೇರಳೆ ದೀಪವಿರುವ ಯಂತ್ರವಾದರೆ, ದೀಪ ನೀಲಿಯಾಗಿ ಉರಿಯುತ್ತಿದೆಯೆಂದು ನಂಬಿ ಕೂರಬೇಡಿ. ಕಣ್ಣಿಗೆ ಕಾಣುವ ಬೆಳಕು ಉಳಿದಿದ್ದರೂ ಕ್ರಿಮಿಗಳನ್ನು ಕೊಲ್ಲುವ, ಕಣ್ಣಿಗೆ ಕಾಣದ ಕಿರಣವು ಸುಮಾರು ಒಂದು ವರ್ಷದಲ್ಲಿ ಕ್ಷೀಣಿಸಿರುತ್ತದೆ.

ಇನ್ನು ಯಜಮಾನರ ಸಂಶಯ. ಅದೂ ನಿರಾಧಾರವಾದುದಲ್ಲ. ಎರಡು ಲೋಟ ನೀರಿನಲ್ಲಿ ವಿದ್ಯುತ್ತಿನ ಕಡ್ಡಿಗಳನ್ನು ಅದ್ದಿ, ನಲ್ಲಿಯ ನೀರು ನೋಡನೋಡುತ್ತಿದ್ದಂತೆ ಕಂದು ಕೆಸರಾಗುವುದನ್ನೂ ಶುದ್ಧೀಕರಿಸಿದ ನೀರು ತಿಳಿಯಾಗಿಯೇ ಉಳಿಯುವುದನ್ನೂ ತೋರಿಸಿ ಗೃಹಿಣಿಯರನ್ನು ಹೆದರಿಸುವ ವ್ಯಾಪಾರಿಗಳನ್ನು ನಾನು ಬಲ್ಲೆ. ಆ ಕೆಸರು ನೀರಿನದಲ್ಲ, ಕಡ್ಡಿಯ ಕಬ್ಬಿಣ ಕರಗಿ ಬಂದದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ತು ಹರಿಯುತ್ತದೆ, ಲವಣ ತೆಗೆದದ್ದರಲ್ಲಿ ಹರಿಯದು, ಮರ್ಮವಿಷ್ಟೆ. ಆದುದರಿಂದ ಹುಡುಗನ ಮಾತಿಗಿಂತ ಅಳತೆಯನ್ನು ನಂಬಿ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ತೋರಿಸುವ ಟಿಡಿಎಸ್ ಮೀಟರು ದುಬಾರಿಯ ವಸ್ತುವಲ್ಲ. ಹೊಸ ಮೆಂಬ್ರೇನು ಹಾಕಿದ ದಿನ ಹೊರಬರುವ ನೀರಿನ ಅಂಕವನ್ನು ಪೆಟ್ಟಿಗೆಯ ಪಕ್ಕದಲ್ಲಿಯೇ ಬರೆದಿಟ್ಟು, ತಿಂಗಳಿಗೊಮ್ಮೆ ಅಳೆದು, ಅಂಕವು ಏರುತ್ತಲೇ ಹೋದರೆ ಮೆಂಬ್ರೇನಿನ ಕಾಲ ಮುಗಿಯಿತೆಂದು ತಿಳಿಯಿರಿ. ಆದರೆ ಆ ಮೀಟರು ಫ್ಲೋರೈಡನ್ನು ಪ್ರತ್ಯೇಕವಾಗಿ ತೋರಿಸಲಾರದು. ಅದಕ್ಕೆ ಯಂತ್ರದಿಂದ ಬಂದ ನೀರನ್ನು ಶುಭ್ರವಾದ ಸೀಸೆಯಲ್ಲಿ ಹಿಡಿದು ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ಮೂರು ವರ್ಷ ಏನನ್ನೂ ಬದಲಿಸಿಲ್ಲವೆಂದಾದರೆ, ಈ ಸಲಕ್ಕೆ ಹುಡುಗನೇ ಸರಿ.

ಪ್ರಶ್ನೆ: ಬೆಂಗಳೂರಿನಲ್ಲಿದ್ದೇವೆ, ಕಾವೇರಿ ನೀರು. ಅತ್ತೆಯವರ ಕಾಲದ ಸ್ಟೀಲ್ ಫಿಲ್ಟರನ್ನೇ ಬಳಸುತ್ತೇವೆ. ಕ್ಯಾಂಡಲನ್ನು ಯಾವಾಗ ಬದಲಿಸಬೇಕು?

ಉತ್ತರ: ನೀರು ತೊಟ್ಟಿಕ್ಕುವುದು ನಿಧಾನವಾದಾಗ ಕ್ಯಾಂಡಲನ್ನು ತೆಗೆದು ಹರಿಯುವ ನೀರಿನಡಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿರಿ, ಸೋಪು ಸೋಕಕೂಡದು. ಉಜ್ಜಿದ ಮೇಲೂ ವೇಗ ಹಿಂದಿರುಗದಿದ್ದರೆ, ಅಥವಾ ಉಜ್ಜಿ ಉಜ್ಜಿ ಗೋಡೆ ತೆಳುವಾಗಿದ್ದರೆ ಬದಲಿಸಿ. ಕೂದಲೆಳೆಯಷ್ಟು ಬಿರುಕು ಕಂಡರೆ ಅಂದೇ ಎಸೆಯಿರಿ. ನಿಧಾನವಾಗಿದ್ದ ಫಿಲ್ಟರು ತಾನಾಗಿ ಚುರುಕಾಯಿತೆಂದರೆ ಸಂತೋಷಪಡಬೇಡಿ, ಬಿರುಕನ್ನು ಹುಡುಕಿ.

ಕೆಟ್ಟ ಶೋಧಕ ಏನು ಮಾಡೀತೆಂಬುದಕ್ಕೆ ಒಂದು ಹಳೆಯ ನಿದರ್ಶನವುಂಟು. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಎಂಟು ಸಾವಿರಕ್ಕೂ ಮಿಕ್ಕಿ ಜನರನ್ನು ಬಲಿತೆಗೆದುಕೊಂಡಾಗ, ಅದಕ್ಕೆ ಹೊಂದಿಕೊಂಡೇ ಇದ್ದು ಅದೇ ಎಲ್ಬೆ ನದಿಯ ನೀರನ್ನು ಮರಳಿನ ಹಾಸುಗಳಲ್ಲಿ ಸೋಸಿ ಕುಡಿಯುತ್ತಿದ್ದ ಆಲ್ಟೋನಾ ಪಟ್ಟಣವು ಬಹುಮಟ್ಟಿಗೆ ಪಾರಾಯಿತು. ಆದರೆ ಮರುವರ್ಷದ ಚಳಿಗಾಲದಲ್ಲಿ ಹಿಮ ಹಿಡಿದು ಮರಳಿನ ಹಾಸು ಕೆಟ್ಟಾಗ ಆ ಆಲ್ಟೋನಾದಲ್ಲಿಯೇ ಕಾಲರಾ ತಲೆಯೆತ್ತಿತೆಂದು ಸೂಕ್ಷ್ಮಾಣು ವಿಜ್ಞಾನಿ ರಾಬರ್ಟ್ ಕಾಖ್ ಪರೀಕ್ಷಿಸಿ ಬರೆದಿಟ್ಟಿದ್ದಾನೆ. ಇನ್ನು, ಕೆಡದಿರುವ ಕ್ಯಾಂಡಲಿನ ರಂಧ್ರಗಳನ್ನೂ ಕಾಮಾಲೆಯ ವೈರಸ್ಸು ದಾಟಬಲ್ಲದಾದ್ದರಿಂದ, ಮಳೆಗಾಲದಲ್ಲಾದರೂ ಸೋಸಿದ ನೀರನ್ನು ಮರಳಿಸಿ, ಮರಳತೊಡಗಿದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ ಕುಡಿಯಿರಿ. ಸಂಪು, ಟ್ಯಾಂಕುಗಳನ್ನು ತೊಳೆಸಿ ಎಷ್ಟು ಕಾಲವಾಯಿತೆಂಬುದನ್ನೂ ನೆನಪಿಸಿಕೊಳ್ಳಿ.

ಪ್ರಶ್ನೆ: ಮಗನಿಗೆ ಉಬ್ಬಸ. ಅವನ ಕೋಣೆಯಲ್ಲಿ ಏರ್ ಪ್ಯೂರಿಫೈಯರ್ ಇಟ್ಟಿದ್ದೇವೆ, ಎಸಿಯೂ ಇದೆ. ಪ್ಯೂರಿಫೈಯರಿನ ಬಿಳಿಯ ಫಿಲ್ಟರು ಬೂದು ಬಣ್ಣಕ್ಕೆ ತಿರುಗಿದೆ. ತೊಳೆದು ಹಾಕಬಹುದೆ?

ಉತ್ತರ: ಕೂಡದು. ಮಡಿಕೆ ಮಡಿಕೆಯಾದ ಆ ಹೆಪಾ ಫಿಲ್ಟರು 0.3 ಮೈಕ್ರಾನಿನ ಕಣಗಳಲ್ಲಿಯೂ ನೂರಕ್ಕೆ 99.97ರಷ್ಟನ್ನು ಹಿಡಿಯುವಂತೆ ಹೆಣೆದ ನಾರಿನ ಹಾಸು. ನೀರು ಸೋಕಿದರೆ ನಾರು ಕದಲುತ್ತದೆ, ಒದ್ದೆ ಉಳಿದರೆ ಬೂಷ್ಟು ಹುಟ್ಟುತ್ತದೆ, ಉಬ್ಬಸದ ಮಗುವಿಗೆ ಬೂಷ್ಟಿಗಿಂತ ಅಹಿತವಾದುದು ಕಡಮೆ. ಬೂದು ಬಣ್ಣ ಮಾತ್ರದಿಂದ ಅದು ಕೆಟ್ಟಿತೆಂದಲ್ಲ. ನೀರಿನ ಕಾರ್ಬನ್ನಿಗೆ ವಿಪರೀತವಾಗಿ, ಗಾಳಿಯ ಫಿಲ್ಟರು ಹಳೆಯದಾದಾಗಲೂ ಧೂಳನ್ನು ಹಿಡಿಯುತ್ತಲೇ ಇರುತ್ತದೆ. ಆದರೆ ಅದರ ಮೂಲಕ ಗಾಳಿ ಹಾಯುವುದೇ ಕಡಮೆಯಾಗಿ, ಯಂತ್ರ ಹೆಚ್ಚು ಸದ್ದು ಮಾಡುತ್ತ ಕೋಣೆಯ ಗಾಳಿಯನ್ನು ಶುದ್ಧಿಗೊಳಿಸಲಾರದೆ ಹೋಗುತ್ತದೆ. ದಿನವಿಡೀ ಓಡಿಸುವ ಮನೆಯಲ್ಲಿ ವರ್ಷಕ್ಕೊಮ್ಮೆ, ಧೂಳಿನ ರಸ್ತೆಯ ಪಕ್ಕದಲ್ಲಾದರೆ ಅದಕ್ಕೂ ಮುಂಚೆ ಬದಲಿಸಿ. ಎಸಿಯ ಜಾಲರಿಯನ್ನು ಮಾತ್ರ ಬಳಸುವ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕಬಹುದು. ಅದು ದಪ್ಪ ಧೂಳನ್ನು ತಡೆದೀತೇ ಹೊರತು ಹೊಗೆಯನ್ನಲ್ಲ.

ಒಂದು ಕಡೆ ಯಂತ್ರ ಓಡುತ್ತಿರುವಾಗಲೇ ಇನ್ನೊಂದು ಮೂಲೆಯಲ್ಲಿ ಸೊಳ್ಳೆಬತ್ತಿ ಹೊಗೆಯಾಡುವ ಕೋಣೆಗಳನ್ನು ಎಷ್ಟೋ ಕಂಡಿದ್ದೇನೆ. ಬತ್ತಿಯನ್ನು ಬಿಟ್ಟು ಪರದೆ ಕಟ್ಟಿ. ಯಂತ್ರವಿದೆಯೆಂದು ಇನ್‌ಹೇಲರನ್ನು ನಿಲ್ಲಿಸಬೇಡಿ. ಫಿಲ್ಟರನ್ನು ಬಿಚ್ಚುವ ಕೆಲಸವನ್ನು ಹುಡುಗ ಶಾಲೆಗೆ ಹೋದಾಗ, ಮೂಗಿಗೆ ಮಾಸ್ಕು ಕಟ್ಟಿಕೊಂಡು, ಕೋಣೆಯ ಹೊರಗೆ ಮಾಡಿ. ಹಳೆಯದನ್ನು ಕೊಡವದೆ, ಚೀಲದಲ್ಲಿ ಕಟ್ಟಿ ಹಾಗೆಯೇ ಕಸಕ್ಕೆ ಕೊಟ್ಟುಬಿಡಿ.