ಇಂಗ್ಲಿಷಿನ ಕಾಲವಾಚಕ ಪದಗಳು: ಬಿಂದು ಯಾವುದು, ಅವಧಿ ಯಾವುದು?

ಇಂಗ್ಲಿಷು ಕಲಿಯುವ ನಮ್ಮ ವಿದ್ಯಾರ್ಥಿಗಳು ವಾರಗಳ ಹೆಸರನ್ನೂ ತಿಂಗಳುಗಳ ಹೆಸರನ್ನೂ ಬಲು ಬೇಗನೆ ಬಾಯಿಪಾಠ ಮಾಡುತ್ತಾರೆ. ಆದರೆ ಅರ್ಜಿಯನ್ನು ಕಳುಹಿಸಲು ಕೊನೆಯ ದಿನ ಯಾವುದು, ರೈಲು ಯಾವ ರಾತ್ರಿ ಹೊರಡುತ್ತದೆ ಎಂಬುದನ್ನು ಓದಿ ತಿಳಿಯಬೇಕಾದಾಗ ಅವರಲ್ಲಿ ಅನೇಕರು ಎಡವುವುದುಂಟು. ಇದಕ್ಕೆ ಪದಗಳ ಕಾಠಿಣ್ಯವು ಕಾರಣವಲ್ಲ. ಒಂದು ಭಾಷೆಯ ಕಾಲವಾಚಕ ಪದಗಳ ಹಿಂದೆ ಆ ಜನರು ಕಾಲವನ್ನು ಅಳೆದ ಕ್ರಮವೊಂದು ಅಡಗಿರುತ್ತದೆ. ಕ್ರಮವನ್ನು ತಿಳಿಯದೆ ಪದವನ್ನಷ್ಟೇ ಕಲಿತರೆ ತಪ್ಪು ತಪ್ಪದು.

ಭೌತವಿಜ್ಞಾನದಲ್ಲಿ ಕಾಲವನ್ನು ಕುರಿತು ನಾವು ಮೊದಲು ಎರಡು ಪ್ರಶ್ನೆಗಳನ್ನು ಕೇಳುತ್ತೇವೆ. ಇದು ಕಾಲದ ಒಂದು ಬಿಂದುವೋ, ಇಲ್ಲವೆ ಎರಡು ಬಿಂದುಗಳ ನಡುವಣ ಅವಧಿಯೋ? ಎಣಿಕೆಯು ಎಲ್ಲಿಂದ ಮೊದಲಾಗುತ್ತದೆ? ಇವೇ ಎರಡು ಪ್ರಶ್ನೆಗಳನ್ನು ಇಂಗ್ಲಿಷಿನ ಪದಗಳಿಗೂ ಹಾಕಿ ನೋಡೋಣ.

ಗಂಟೆ ಒಂದು, ಅರ್ಥ ಎರಡು

ಕನ್ನಡದಲ್ಲಿ 'ಗಂಟೆ' ಎಂಬ ಒಂದೇ ಪದವು ಬಿಂದುವನ್ನೂ ಅವಧಿಯನ್ನೂ ಹೇಳುತ್ತದೆ. 'ಐದು ಗಂಟೆಗೆ ಎದ್ದೆನು' ಎಂಬಲ್ಲಿ ಅದು ಬಿಂದು. 'ಐದು ಗಂಟೆ ಓದಿದೆನು' ಎಂಬಲ್ಲಿ ಅವಧಿ. ಇಂಗ್ಲಿಷು ಇವೆರಡನ್ನೂ ಬೇರ್ಪಡಿಸುತ್ತದೆ. ಬಿಂದುವಿಗೆ 'ಫೈವ್ ಒ'ಕ್ಲಾಕ್', ಅಂದರೆ ಗಡಿಯಾರದ ಲೆಕ್ಕದಲ್ಲಿ ಐದು. ಅವಧಿಗೆ 'ಫೈವ್ ಅವರ್ಸ್'. 'ಅವರ್' ಎಂಬುದು ಬಹುಮಟ್ಟಿಗೆ ಅವಧಿಯ ಮಾತೆಂದು ನೆನಪಿಡಬೇಕು.

ಗಂಟೆಯನ್ನು ಭಾಗಮಾಡಿದ ಹೆಸರುಗಳೂ ಅರ್ಥವುಳ್ಳವೇ. ಪ್ರಾಚೀನ ಬ್ಯಾಬಿಲೋನಿಯದವರು ಅರವತ್ತರ ಲೆಕ್ಕದಲ್ಲಿ ಎಣಿಸುತ್ತಿದ್ದರು. ಅದನ್ನು ಅನುಸರಿಸಿದ ಯೂರೋಪಿನ ವಿದ್ವಾಂಸರು ಅರವತ್ತರಲ್ಲೊಂದು ಪಾಲನ್ನು ಲ್ಯಾಟಿನ್ ಭಾಷೆಯಲ್ಲಿ 'ಮೊದಲನೆಯ ಕಿರುಭಾಗ'ವೆಂದೂ, ಅದರ ಅರವತ್ತರಲ್ಲೊಂದು ಪಾಲನ್ನು 'ಎರಡನೆಯ ಕಿರುಭಾಗ'ವೆಂದೂ ಕರೆದರು. ಮೊದಲನೆಯದರಿಂದ 'ಮಿನಿಟ್' ಎಂಬ ಪದವೂ, ಎರಡನೆಯದರಿಂದ 'ಸೆಕೆಂಡ್' ಎಂಬ ಪದವೂ ಉಳಿದುವು. 'ಎರಡನೆಯದು' ಎಂಬರ್ಥದ ಪದವೇ ಕಾಲದ ಮಾನಕ್ಕೂ ಹೆಸರಾದುದು ಹೀಗೆ. 1967ರಿಂದ ಈ ಸೆಕೆಂಡನ್ನು ಸೀಸಿಯಂ ಪರಮಾಣುವಿನ ವಿಕಿರಣದ 9,19,26,31,770 ಕಂಪನಗಳ ಅವಧಿಯೆಂದು ನಿರೂಪಿಸಲಾಗಿದೆ.

ಕಳೆದ ಗಂಟೆ, ಬರುವ ಗಂಟೆ

ಒಂಬತ್ತು ಗಂಟೆ ನಲವತ್ತೈದು ನಿಮಿಷವಾದಾಗ ನಾವು 'ಒಂಬತ್ತೂಮುಕ್ಕಾಲು' ಎನ್ನುತ್ತೇವೆ. ಕಳೆದುಹೋದ ಗಂಟೆಗೆ ಮುಕ್ಕಾಲನ್ನು ಕೂಡಿಸುವ ಕ್ರಮವಿದು. ಇಂಗ್ಲಿಷು ಅರ್ಧ ಗಂಟೆಯವರೆಗೆ ನಮ್ಮಂತೆಯೇ ಹಿಂದಿನ ಗಂಟೆಯಿಂದ ಎಣಿಸುತ್ತದೆ: ಒಂಬತ್ತೂಕಾಲು 'ಕ್ವಾರ್ಟರ್ ಪಾಸ್ಟ್ ನೈನ್', ಒಂಬತ್ತೂವರೆ 'ಹಾಫ್ ಪಾಸ್ಟ್ ನೈನ್'. ಅರ್ಧ ದಾಟಿದೊಡನೆ ಮುಂದಿನ ಗಂಟೆಯ ಕಡೆಗೆ ತಿರುಗಿ, ಒಂಬತ್ತೂಮುಕ್ಕಾಲನ್ನು 'ಕ್ವಾರ್ಟರ್ ಟು ಟೆನ್' ಎನ್ನುತ್ತದೆ; ಎಂದರೆ ಹತ್ತಕ್ಕೆ ಕಾಲು ಗಂಟೆ ಉಳಿದಿದೆ. ಕಲಬುರಗಿ ಸೀಮೆಯ ವಿದ್ಯಾರ್ಥಿಗಳಿಗೆ ಇದು ಹೊಸದಾಗಿ ತೋರಬೇಕಾದುದಿಲ್ಲ. ಉರ್ದುವಿನಲ್ಲಿ ಇದೇ ಸಮಯಕ್ಕೆ 'ಪೌನೇ ದಸ್' ಎನ್ನುತ್ತಾರೆ. ಅಲ್ಲಿಯೂ ಹೆಸರು ಬರುವುದು ಹತ್ತರದೇ.

ದಿನವು ಎಲ್ಲಿ ಮೊದಲಾಗುತ್ತದೆ?

ಈಗ ಎರಡನೆಯ ಪ್ರಶ್ನೆಗೆ ಬರೋಣ. ಅಫಜಲಪುರ ತಾಲ್ಲೂಕಿನ ಕರಜಗಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಪಂಚಾಂಗದ ಪ್ರಕಾರ ಅಲ್ಲಿ ವಾರವು ಬದಲಾಗುವುದು ಸೂರ್ಯೋದಯಕ್ಕೆ. ಹಿಜರಿ ಲೆಕ್ಕದಲ್ಲಿ ದಿನವು ಸೂರ್ಯಾಸ್ತಕ್ಕೆ ಮೊದಲಾಗುತ್ತದೆ. ಉರ್ದುವಿನಲ್ಲಿ ಗುರುವಾರಕ್ಕೆ 'ಜುಮೇರಾತ್', ಅಂದರೆ ಶುಕ್ರವಾರದ ರಾತ್ರಿ, ಎಂಬ ಹೆಸರು ಬಂದಿರುವುದು ಇದರಿಂದಲೇ. ಗುರುವಾರ ಸಂಜೆ ಸೂರ್ಯನು ಮುಳುಗಿದೊಡನೆ ಶುಕ್ರವಾರದ ಪಾಲಿನ ರಾತ್ರಿ ಬಂದಿತು. ಇಂಗ್ಲಿಷಿನ 'ಡೇಟ್' ಬದಲಾಗುವುದು ನಡುರಾತ್ರಿ ಹನ್ನೆರಡಕ್ಕೆ.

ಇದನ್ನು ಮರೆತರೆ ನಷ್ಟವಾಗುತ್ತದೆ. ಜುಲೈ 14 ಸೋಮವಾರವೆಂದಿಟ್ಟುಕೊಳ್ಳೋಣ. ಕರಜಗಿಯ ವಿದ್ಯಾರ್ಥಿಯೊಬ್ಬನ ರೈಲು ಟಿಕೇಟಿನಲ್ಲಿ ಜುಲೈ 15, 00:20 ಎಂದಿದೆ. ನಮ್ಮ ಆಡುಮಾತಿನಲ್ಲಿ ಅದು ಸೋಮವಾರದ ರಾತ್ರಿ. ಅವನು ಸೋಮವಾರ ಸಂಜೆಯೇ ಊರು ಬಿಟ್ಟು ಕಲಬುರಗಿ ನಿಲ್ದಾಣವನ್ನು ಸೇರಬೇಕು. '15 ಎಂದರೆ ಮಂಗಳವಾರ' ಎಂದು ಮಂಗಳವಾರ ರಾತ್ರಿ ಹೋದರೆ, ರೈಲು ಹಿಂದಿನ ರಾತ್ರಿಯೇ ಹೋಗಿಬಿಟ್ಟಿರುತ್ತದೆ.

'ಎ.ಎಂ.', 'ಪಿ.ಎಂ.' ಎಂಬ ಸಂಕ್ಷೇಪಗಳು ಲ್ಯಾಟಿನ್ ಭಾಷೆಯಲ್ಲಿ 'ಮಧ್ಯಾಹ್ನಕ್ಕೆ ಮುಂಚೆ', 'ಮಧ್ಯಾಹ್ನದ ಅನಂತರ' ಎಂಬರ್ಥವುಳ್ಳವು. ಸರಿಯಾಗಿ ಹನ್ನೆರಡು ಗಂಟೆಗೆ ಇವು ಗೊಂದಲವನ್ನುಂಟುಮಾಡುತ್ತವೆ. ಬಳಕೆಯಲ್ಲಿ '12 ಎ.ಎಂ.' ಎಂದರೆ ನಡುರಾತ್ರಿ, '12 ಪಿ.ಎಂ.' ಎಂದರೆ ಮಧ್ಯಾಹ್ನ. ಬರೆಯುವಾಗ 'ಮಿಡ್‌ನೈಟ್', 'ನೂನ್' ಎಂಬ ಪದಗಳನ್ನೇ ಬಳಸುವುದು ಲೇಸು. ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ಭಾರತದ ಪ್ರಮಾಣ ಸಮಯವು 82½ ಡಿಗ್ರಿ ಪೂರ್ವ ರೇಖಾಂಶದ್ದು. ಕರಜಗಿಯು ಅಲ್ಲಿಂದ ಆರು ಡಿಗ್ರಿಗಿಂತ ತುಸು ಹೆಚ್ಚು ಪಶ್ಚಿಮಕ್ಕಿದೆ. ಭೂಮಿಯು ಒಂದು ಡಿಗ್ರಿ ತಿರುಗಲು 4 ನಿಮಿಷ ಹಿಡಿಯುತ್ತದೆ. ಆದುದರಿಂದ ಗಡಿಯಾರದ 'ನೂನ್' ಆದ ಮೇಲೆ, ವರ್ಷದ ಸರಾಸರಿಯಲ್ಲಿ, ಸುಮಾರು 25 ನಿಮಿಷಕ್ಕೆ ಅಲ್ಲಿ ಸೂರ್ಯನು ಅತ್ಯಂತ ಎತ್ತರಕ್ಕೆ ಬರುತ್ತಾನೆ.

ಎಂಟು ದಿನ ಮತ್ತು ವಾರ

'ಎಂಟು ದಿನ ಬಿಟ್ಟು ಬನ್ನಿ' ಎಂದು ನಮ್ಮಲ್ಲಿ ಹೇಳಿದರೆ ಒಂದು ವಾರದ ಮೇಲೆ ಬನ್ನಿ ಎಂದೇ ಅರ್ಥ. ಸೋಮವಾರದಿಂದ ಸೋಮವಾರಕ್ಕೆ ಎರಡು ತುದಿಗಳನ್ನೂ ಸೇರಿಸಿ ಎಣಿಸಿದರೆ ಎಂಟಾಗುತ್ತದೆ. ಇದನ್ನು 'ಏಯ್ಟ್ ಡೇಸ್' ಎಂದು ಬರೆದರೆ ಇಂಗ್ಲಿಷು ಬಲ್ಲವನು ಮಂಗಳವಾರ ಬಂದಾನು! 'ಎ ವೀಕ್' ಎನ್ನಬೇಕು. ಹಾಗೆಯೇ ನಮ್ಮ 'ಹದಿನೈದು ದಿನ'ಕ್ಕೆ ಸಮನಾದುದು 'ಫಾರ್ಟ್‌ನೈಟ್'. ಆ ಪದದ ಮೂಲಾರ್ಥವೇ ಹದಿನಾಲ್ಕು ರಾತ್ರಿ.

'ತಿಂಗಳು' ಎಂಬ ಕನ್ನಡ ಪದಕ್ಕೆ ಚಂದ್ರನೆಂಬ ಅರ್ಥವೂ ಉಂಟಷ್ಟೆ. ಇಂಗ್ಲಿಷಿನ 'ಮಂತ್', 'ಮೂನ್' ಎಂಬವೂ ಒಂದೇ ಮೂಲದವು. ಆದರೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನಗಳಾದರೆ, ಇಂಗ್ಲಿಷು ತಿಂಗಳುಗಳು ಚಂದ್ರನ ನಂಟನ್ನು ಬಿಟ್ಟು 28ರಿಂದ 31 ದಿನಗಳವರೆಗೆ ಇರುತ್ತವೆ. 'ಸೆಪ್ಟೆಂಬರ್' ಎಂದರೆ ಏಳನೆಯದು. ಅದು ಒಂಬತ್ತನೆಯ ತಿಂಗಳಾಗಿರುವುದಕ್ಕೆ ಕಾರಣ, ಪ್ರಾಚೀನ ರೋಮಿನಲ್ಲಿ ಎಣಿಕೆಯು ಮಾರ್ಚಿಯಿಂದ ಮೊದಲಾಗುತ್ತಿದ್ದುದು.

ಎಣಿಕೆಯ ಆರಂಭವು ಬೇರೆಯಾದರೆ ವರ್ಷದ ಅಂಕಿಯೂ ಬೇರೆಯಾಗುತ್ತದೆ. ಕರಜಗಿಯ ಸೀಮೆಯು 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ಕಚೇರಿಗಳಲ್ಲಿ ಫಸಲಿ ವರ್ಷ ನಡೆಯುತ್ತಿತ್ತು. ನಮ್ಮ 'ಫಸಲು' ಎಂಬ ಪದದ ಬಂಧುವದು. ಆ ವರ್ಷವು ಆಜುರ್ ಎಂಬ ತಿಂಗಳಿಂದ, ಅಕ್ಟೋಬರ್ ಮೊದಲ ವಾರದಲ್ಲಿ, ಆರಂಭವಾಗುತ್ತಿತ್ತು. ಹಳೆಯ ಕಾಗದದಲ್ಲಿ 1350 ಫಸಲಿ ಎಂದಿದ್ದರೆ 590 ಕೂಡಿಸಬೇಕು. ಆ ವರ್ಷವು 1940ರ ಅಕ್ಟೋಬರಿನಲ್ಲಿ ಮೊದಲಾದುದೆಂದು ತಿಳಿಯುತ್ತದೆ. ಜನವರಿಯಿಂದ ಮುಂದಿನ ತಿಂಗಳುಗಳಿಗಾದರೆ 591 ಕೂಡಿಸಬೇಕು.

ವಿಭಕ್ತಿಯ ಸಹಾಯ

'ಅಟ್', 'ಆನ್', 'ಇನ್' ಎಂಬ ಮೂರು ಪುಟ್ಟ ಪದಗಳು ಅನೇಕರನ್ನು ಕಾಡುತ್ತವೆ. ಕನ್ನಡವೇ ಇಲ್ಲಿ ದಾರಿ ತೋರುತ್ತದೆ. 'ಐದು ಗಂಟೆಗೆ' ಎಂಬ ಬಿಂದುವಿಗೆ 'ಅಟ್'. 'ಸೋಮವಾರದಂದು' ಎಂಬ ದಿನಕ್ಕೆ 'ಆನ್'. 'ಜೂನಿನಲ್ಲಿ', '1956ರಲ್ಲಿ' ಎಂಬ ದೊಡ್ಡ ಅವಧಿಗೆ 'ಇನ್'. 'ಅಟ್ ನೈಟ್' ಎಂಬಂಥ ಕೆಲವು ಅಪವಾದಗಳನ್ನು ರೂಢಿಯಿಂದ ಕಲಿಯಬೇಕು.

ಅರ್ಜಿಗಳಲ್ಲಿ ಬರುವ ಎರಡು ಪದಗಳನ್ನಂತೂ ಮರೆಯಬಾರದು. 'ಬೈ 30 ಜೂನ್' ಎಂದಿದ್ದರೆ 30ರಂದು ಕೊಟ್ಟರೂ ಆದೀತು. 'ಬಿಫೋರ್ 30 ಜೂನ್' ಎಂದಿದ್ದರೆ 29ಕ್ಕೇ ಕೊನೆ. 03-04 ಎಂದು ಅಂಕಿಗಳಲ್ಲಿ ಬರೆದ ದಿನಾಂಕವು ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚಿ 4. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಸಂದೇಹವಿರದು.

ಅಭ್ಯಾಸ

1. 'ಆರೂಮುಕ್ಕಾಲಿಗೆ ಎದ್ದೆನು, ಎರಡು ಗಂಟೆ ಓದಿದೆನು' ಇದರಲ್ಲಿ ಬಿಂದು ಯಾವುದು, ಅವಧಿ ಯಾವುದು? ಇಂಗ್ಲಿಷಿನಲ್ಲಿ ಹೇಗೆ ಹೇಳುವಿರಿ?
2. ಮೇ 10, 00:05ಕ್ಕೆ ಹೊರಡುವ ಬಸ್ಸಿಗೆ ಯಾವ ದಿನದ ಸಂಜೆ ಮನೆ ಬಿಡಬೇಕು?
3. ಗುರುವಾರ 'ಎಂಟು ದಿನ ಬಿಟ್ಟು ಬಾ' ಎಂದರೆ ಯಾವ ವಾರ ಹೋಗಬೇಕು?

ಉತ್ತರಗಳು: 1. ಬಿಂದು, 'ಅಟ್ ಕ್ವಾರ್ಟರ್ ಟು ಸೆವೆನ್'; ಅವಧಿ, 'ಫಾರ್ ಟೂ ಅವರ್ಸ್'. 2. ಮೇ 9ರ ಸಂಜೆ. 3. ಮುಂದಿನ ಗುರುವಾರ.